ಎರಡು ಲಕ್ಷ ರೂ.ಗೆ ಹೋಂ ಥಿಯೇಟರ್: ಅಂಗಡಿಗೆ ಹೋಗುವ ಮುನ್ನ ಕೋಣೆ ಅಳೆಯಿರಿ

ಬೆಂಗಳೂರು: ಮಕ್ಕಳು ಓದಿಗೋ ಉದ್ಯೋಗಕ್ಕೋ ಊರು ಬಿಟ್ಟ ಮೇಲೆ ಮಹಡಿಯ ಕೋಣೆಯೊಂದು ಖಾಲಿ ಉಳಿಯುವುದು ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯ ಸಂಗತಿ. ಹಳೆಯ ಸೂಟ್‌ಕೇಸುಗಳು, ದಸರಾ ಗೊಂಬೆಗಳ ಪೆಟ್ಟಿಗೆ, ಕೆಟ್ಟುಹೋದ ಏರ್‌ಕೂಲರ್ ಒಂದೊಂದಾಗಿ ಅಲ್ಲಿಗೆ ಸೇರಿ ಕೆಲವೇ ವರ್ಷಗಳಲ್ಲಿ ಅದು ಉಗ್ರಾಣವಾಗಿ ಮಾರ್ಪಡುತ್ತದೆ. ಆ ಕೋಣೆಯನ್ನೇ ಚೊಕ್ಕಗೊಳಿಸಿ, ಪರದೆ ಕಟ್ಟಿ, ಚಿತ್ರಮಂದಿರದ ಅನುಭವವನ್ನು ಮನೆಗೆ ತರಬೇಕೆಂಬ ಬಯಕೆ ಈಗ ಸಿರಿವಂತರಿಗಷ್ಟೇ ಸೀಮಿತವಾಗಿ ಉಳಿದಿಲ್ಲ.

ಇದಕ್ಕೆ ಕಾರಣಗಳನ್ನು ದೂರ ಹುಡುಕಬೇಕಿಲ್ಲ. ವಾರಾಂತ್ಯದಲ್ಲಿ ನಾಲ್ವರ ಕುಟುಂಬವೊಂದು ಮಲ್ಟಿಪ್ಲೆಕ್ಸಿಗೆ ಹೋಗಿ, ಮಧ್ಯಂತರದಲ್ಲಿ ಪಾಪ್‌ಕಾರ್ನ್ ತಿಂದು ಬರುವ ಖರ್ಚು ತಿಂಗಳ ದಿನಸಿ ಲೆಕ್ಕದ ಜತೆ ಪೈಪೋಟಿಗಿಳಿಯುತ್ತದೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಸಿನಿಮಾ ಟಿಕೆಟ್ ದರಕ್ಕೆ ತೆರಿಗೆ ಹೊರತುಪಡಿಸಿ 200 ರೂ. ಮಿತಿ ವಿಧಿಸಿ ಅಧಿಸೂಚನೆ ಹೊರಡಿಸಿತಾದರೂ ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಅದೇ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿವಿಗಳು ಮತ್ತು ಪ್ರೊಜೆಕ್ಟರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಲೆಕ್ಕ ಹಾಕುವ ಗೃಹಸ್ಥನಿಗೆ ಇಷ್ಟು ಸಾಕು.

ಆದರೆ ಉತ್ಸಾಹದಿಂದ ತಂದ ಯಂತ್ರಗಳು ಧೂಳು ತಿನ್ನುವುದೂ ಅಷ್ಟೇ ಸಾಮಾನ್ಯ. ಚಿತ್ರ ಮಂಕು, ಮಾತು ಅಸ್ಪಷ್ಟ, ಪಕ್ಕದ ಮನೆಯವರ ಆಕ್ಷೇಪ ಬೇರೆ. ತಪ್ಪು ಬಹುತೇಕ ಯಂತ್ರದ್ದಲ್ಲ. ಹೋಂ ಥಿಯೇಟರ್ ಕಟ್ಟುವವರು ಮೊದಲು ಅಂಗಡಿಗೆ ಹೋಗಿ, ಆಮೇಲೆ ಕೋಣೆಯ ಕಡೆ ನೋಡುತ್ತಾರೆ. ಕ್ರಮ ತಿರುಗುಮುರುಗಾಗುವುದೇ ಹಣ ಪೋಲಾಗಲು ಮೂಲ.

ಈ ಲೇಖನದ ಲೆಕ್ಕಾಚಾರಕ್ಕೆ 30×40 ನಿವೇಶನದ ಮನೆಯೊಂದರ ಮಹಡಿಯ ಮೇಲಿನ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯನ್ನು ಇಟ್ಟುಕೊಳ್ಳಲಾಗಿದೆ. ಕೈಯಲ್ಲಿರುವ ಮೊತ್ತ 2 ಲಕ್ಷ ರೂಪಾಯಿ. ಗೋಡೆ ಒಡೆಯುವಂತಿಲ್ಲ, ಸಾಲ ಮಾಡುವಂತಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಇಂಥ ಕೋಣೆಗೆ ಪ್ರತ್ಯೇಕ ಮೆಟ್ಟಿಲಿದ್ದರೆ ಬಾಡಿಗೆಯೂ ಬರುತ್ತದೆ. ಸಿನಿಮಾಕ್ಕಾಗಿ ಅದನ್ನು ಬಿಟ್ಟುಕೊಡುವುದೂ ಒಂದು ವೆಚ್ಚವೇ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳುವುದು ಒಳಿತು.

ಕುರ್ಚಿ ಎಲ್ಲಿ?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ಪುಟಿದಾಡುವಾಗ, ಕೋಣೆಯ ಉದ್ದಕ್ಕೆ ಹೊಂದುವ ಕೆಲವು ಕಂಪನಾಂಕಗಳು ಬಲಗೊಳ್ಳುತ್ತವೆ. 12 ಅಡಿಯ ಕೋಣೆಯಲ್ಲಿ ಅಂಥ ಮೊದಲ ಕಂಪನಾಂಕ ಸುಮಾರು 47 ಹರ್ಟ್ಜ್. 10 ಅಡಿಗೆ 56 ಹರ್ಟ್ಜ್. ಎರಡೂ ಡೊಳ್ಳು, ಸ್ಫೋಟಗಳ ಗಡಸು ಶಬ್ದಗಳ ವಲಯ. ಗೋಡೆಗೆ ಒರಗಿ ಕೂತವನಿಗೆ ಇವು ಗುಂಯ್ಗುಡುತ್ತ ಅತಿಯಾಗಿ ಕೇಳಿಸುತ್ತವೆ. ಕೋಣೆಯ ನಟ್ಟನಡುವೆ ಕೂತವನಿಗೆ ಅದೇ ಶಬ್ದ ಮಾಯವಾದಂತೆ ಭಾಸವಾಗುತ್ತದೆ. ಒಂದೇ ಕೋಣೆಯಲ್ಲಿ ಕೂತ ಅಪ್ಪ-ಮಗ ‘ಶಬ್ದ ಜಾಸ್ತಿ’, ‘ಶಬ್ದವೇ ಇಲ್ಲ’ ಎಂದು ವಾದ ಮಾಡಿದರೆ ಇಬ್ಬರ ಮಾತೂ ನಿಜವಿರಬಹುದು.

ಅಗಲ ಮತ್ತು ಎತ್ತರ ಎರಡೂ 10 ಅಡಿ ಇರುವುದರಿಂದ ಈ ಕೋಣೆಯಲ್ಲಿ 56 ಹರ್ಟ್ಜ್‌ನ ತೊಂದರೆ ಇಮ್ಮಡಿ. ಚೌಕಾಕಾರದ ಕೋಣೆಗಳು ಹೋಂ ಥಿಯೇಟರಿಗೆ ಒಗ್ಗುವುದಿಲ್ಲವೆನ್ನುವುದು ಇದೇ ಕಾರಣಕ್ಕೆ. ಮನೆಯಲ್ಲಿ ಎರಡು ಕೋಣೆಗಳ ಆಯ್ಕೆಯಿದ್ದರೆ, 11×11ರ ಕೋಣೆಗಿಂತ 10×13ರ ಕೋಣೆಯೇ ಮೇಲು.

ಹಾಗಾಗಿ ಪರದೆ 10 ಅಡಿಯ ಕಿರುಗೋಡೆಯ ಮೇಲಿರಬೇಕು, ನೋಟ 12 ಅಡಿಯ ಉದ್ದಕ್ಕೆ ಹರಿಯಬೇಕು. ಆಸನವನ್ನು ಪರದೆಯಿಂದ ಸುಮಾರು ಎಂಟೂವರೆ ಅಡಿ ದೂರದಲ್ಲಿ, ಬೆನ್ನ ಹಿಂದೆ ಮೂರು-ಮೂರೂವರೆ ಅಡಿ ಜಾಗ ಉಳಿಯುವಂತೆ ಇಡುವುದು ಯೋಗ್ಯ. ಸೋಫಾವನ್ನು ಹಿಂದಿನ ಗೋಡೆಗೆ ತಳ್ಳಿಯೇ ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಇಲ್ಲಿ ಆ ರೂಢಿಯನ್ನು ಮುರಿಯುವುದಕ್ಕೆ ನಯಾಪೈಸೆ ಖರ್ಚಿಲ್ಲ, ಲಾಭ ಮಾತ್ರ ದೊಡ್ಡದು.

ಪರದೆಯ ಅಳತೆ

ದೊಡ್ಡ ಪರದೆಯೆಂದರೆ ಒಳ್ಳೆಯ ಪರದೆ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಮುಖ್ಯವಾಗುವುದು ಪರದೆಯ ಅಗಲ ಕಣ್ಣಿನೆದುರು ರೂಪಿಸುವ ಕೋನ. ಕನಿಷ್ಠ 30 ಡಿಗ್ರಿ, ಚಿತ್ರಮಂದಿರದ ತಲ್ಲೀನತೆ ಬೇಕಾದರೆ 40 ಡಿಗ್ರಿ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾಗಿರುವ ಅಳತೆ. ಎಂಟೂವರೆ ಅಡಿ ದೂರಕ್ಕೆ ಈ ಲೆಕ್ಕದಂತೆ ಬರುವುದು 84 ಅಂಗುಲದ ಪರದೆ. ಅದರ ಅಗಲ 6 ಅಡಿಗಿಂತ ತುಸು ಹೆಚ್ಚು, ಎತ್ತರ ಸುಮಾರು ಮೂರೂವರೆ ಅಡಿ. ಎರಡೂ ಬದಿಗೆ ಸ್ಪೀಕರ್ ಇಡಲು ಜಾಗ ಮಿಗುತ್ತದೆ. 120 ಅಂಗುಲದ ಪರದೆಯನ್ನು ಇದೇ ಕೋಣೆಗೆ ತಂದು ತುರುಕಿದರೆ ಮುಂದಿನ ಸಾಲಿನ ಅಗ್ಗದ ಟಿಕೆಟಿನಲ್ಲಿ ಕೂತು ಕತ್ತು ಹೊರಳಿಸಿದ ಅನುಭವವಾಗುತ್ತದೆ.

ಟಿವಿ ಸಾಲದೇ ಎಂಬ ಪ್ರಶ್ನೆ ಸಹಜ. 65 ಅಂಗುಲದ ಟಿವಿಯಲ್ಲಿ 40 ಡಿಗ್ರಿ ಕೋನ ಸಿಗಬೇಕಾದರೆ ಆರೂವರೆ ಅಡಿ ದೂರದಲ್ಲಿ ಕೂರಬೇಕು. 75 ಅಂಗುಲಕ್ಕೆ ಏಳೂವರೆ ಅಡಿ. ಕೋಣೆ ಇನ್ನೂ ಚಿಕ್ಕದಿದ್ದರೆ, ಅಥವಾ ಹಗಲಿನಲ್ಲಿ ಕ್ರಿಕೆಟ್ ನೋಡುವುದೇ ಮುಖ್ಯ ಉದ್ದೇಶವಾದರೆ, ಟಿವಿಯೇ ಸರಿಯಾದ ಆಯ್ಕೆ. ಪ್ರೊಜೆಕ್ಟರಿಗೆ ಕತ್ತಲೆ ಬೇಕು. ಕಿಟಕಿ ಮುಚ್ಚಲು ಸಿದ್ಧವಿಲ್ಲದವರು ಪ್ರೊಜೆಕ್ಟರ್ ಕೊಳ್ಳಬಾರದು. ಇದರಲ್ಲಿ ರಾಜಿಗೆ ಅವಕಾಶವಿಲ್ಲ.

ಲುಮೆನ್ ಎಂಬ ಮಾಯೆ

ಪ್ರೊಜೆಕ್ಟರ್ ಮಾರುಕಟ್ಟೆಯಲ್ಲಿ ಗ್ರಾಹಕನ ಜೇಬಿಗೆ ಹೆಚ್ಚು ಕತ್ತರಿ ಬೀಳುವುದು ಲುಮೆನ್ ಎಂಬ ಒಂದೇ ಪದದಿಂದ. ಹತ್ತು ಸಾವಿರ ರೂಪಾಯಿಯ ಪೆಟ್ಟಿಗೆಯ ಮೇಲೂ ಸಾವಿರಾರು ಲುಮೆನ್ ಎಂದು ಅಚ್ಚಾಗಿರುತ್ತದೆ. ಅಳೆಯುವ ವಿಧಾನ ಹೇಳದ ಲುಮೆನ್ ಅಂಕಿಗೆ ಅರ್ಥವಿಲ್ಲ. ಅಂಕಿಯ ಪಕ್ಕದಲ್ಲಿ ‘ಆನ್ಸಿ’ ಅಥವಾ ‘ಐಎಸ್‌ಒ’ ಎಂಬ ಪದವಿದ್ದರೆ ಮಾತ್ರ ಅದು ನಿಗದಿತ ಪದ್ಧತಿಯಂತೆ ಅಳೆದದ್ದೆಂದು ತಿಳಿಯಬೇಕು.

ನಿಜವಾಗಿ ಬೇಕಾಗುವ ಬೆಳಕು ಎಷ್ಟು? ಚಿತ್ರಮಂದಿರದ ಪರದೆಯ ಪ್ರಖರತೆಗೆ ಇರುವ ಮಾನದಂಡ 16 ಫೂಟ್-ಲ್ಯಾಂಬರ್ಟ್. ಅಂದರೆ ಸಾಧಾರಣ ಬಿಳಿ ಪರದೆಯ ಪ್ರತಿ ಚದರ ಅಡಿಗೆ 16 ಲುಮೆನ್. 84 ಅಂಗುಲದ ಪರದೆಯ ವಿಸ್ತೀರ್ಣ ಸುಮಾರು 21 ಚದರ ಅಡಿ. ಗುಣಿಸಿದರೆ ಬರುವುದು ಸುಮಾರು 335 ಲುಮೆನ್ ಮಾತ್ರ. ಬಣ್ಣ ನೈಜವಾಗಿ ಕಾಣುವ ‘ಸಿನಿಮಾ’ ವಿಧಾನದಲ್ಲಿ ಪ್ರೊಜೆಕ್ಟರಿನ ಬೆಳಕು ಗಣನೀಯವಾಗಿ ತಗ್ಗುತ್ತದೆ, ದೀಪ ಹಳತಾದಂತೆ ಅರ್ಧಕ್ಕೆ ಇಳಿಯುತ್ತದೆ. ಇವನ್ನೆಲ್ಲ ಕಳೆದರೂ ಕತ್ತಲೆ ಕೋಣೆಗೆ 1,500ರಿಂದ 2,000 ಆನ್ಸಿ ಲುಮೆನ್ ಧಾರಾಳವಾಯಿತು. ಇದಕ್ಕಿಂತ ಹೆಚ್ಚಿನ ಅಂಕಿಗಾಗಿ ಹಣ ಸುರಿಯುವುದು ಕಚೇರಿಯ ಸಭಾಂಗಣದವರ ಅಗತ್ಯ, ಮನೆಯವರದಲ್ಲ.

ಎರಡನೆಯ ಮಾಯೆ ‘4ಕೆ ಸಪೋರ್ಟ್’ ಎಂಬುದು. 4ಕೆ ಸಂಕೇತವನ್ನು ಸ್ವೀಕರಿಸುತ್ತದೆ ಎಂಬುದಷ್ಟೇ ಇದರ ಅರ್ಥ. ಮೂಡಿಸುವ ಚಿತ್ರ 1280×720 ಚುಕ್ಕೆಗಳದ್ದೇ ಆಗಿರಬಹುದು. ‘ನೇಟಿವ್’ ರೆಸಲ್ಯೂಷನ್ ಎಷ್ಟೆಂದು ಕೇಳುವುದು ಗ್ರಾಹಕನ ಹಕ್ಕು. ಹಾಗೆಂದು 4ಕೆ ಬೇಕೇ ಬೇಕೆಂದೇನೂ ಇಲ್ಲ. 84 ಅಂಗುಲದ ಪರದೆಯ ಮೇಲೆ ಫುಲ್ ಎಚ್‌ಡಿ ಚಿತ್ರದ ಒಂದು ಚುಕ್ಕೆಯ ಅಗಲ ಹತ್ತಿರಹತ್ತಿರ ಒಂದು ಮಿಲಿಮೀಟರ್. ಎಂಟೂವರೆ ಅಡಿ ದೂರದಿಂದ ಆರೋಗ್ಯವಂತ ಕಣ್ಣು ಗುರುತಿಸಬಲ್ಲ ಅಂತರ ಮುಕ್ಕಾಲು ಮಿಲಿಮೀಟರ್ ಆಸುಪಾಸಿನದು. ಚುರುಕುಗಣ್ಣಿನವರಿಗೆ ವ್ಯತ್ಯಾಸ ಕಂಡೀತು, ಆದರೆ ತೆರಬೇಕಾದ ಹೆಚ್ಚುವರಿ ಬೆಲೆಗೆ ಸಮನಾದ ವ್ಯತ್ಯಾಸ ಅದಲ್ಲ. 2 ಲಕ್ಷದ ಮಿತಿಯಲ್ಲಿ ಹೆಸರಾಂತ ತಯಾರಕರ ಫುಲ್ ಎಚ್‌ಡಿ ಪ್ರೊಜೆಕ್ಟರ್ ಸುಮಾರು 60 ಸಾವಿರಕ್ಕೆ ಸಿಕ್ಕರೆ ಅದೇ ವಿವೇಕದ ಖರೀದಿ.

ದೀಪದ ಪ್ರೊಜೆಕ್ಟರುಗಳಲ್ಲಿ ಕೆಲವು ಸಾವಿರ ಗಂಟೆಗಳ ಬಳಿಕ ದೀಪ ಬದಲಿಸಬೇಕಾಗುತ್ತದೆ. ಎಲ್‌ಇಡಿ, ಲೇಸರ್ ಮಾದರಿಗಳಿಗೆ 20 ಸಾವಿರ ಗಂಟೆಗಳ ಆಯುಸ್ಸು ಹೇಳಲಾಗುತ್ತದೆ. ಡಿಎಲ್‌ಪಿ ತಂತ್ರಜ್ಞಾನದ ಯಂತ್ರಗಳಲ್ಲಿ ಕೆಲವರ ಕಣ್ಣಿಗೆ ಕಾಮನಬಿಲ್ಲಿನಂಥ ಗೆರೆಗಳು ಮಿನುಗಿ ತಲೆನೋವು ಬರುವುದುಂಟು. ಮನೆಯವರೆಲ್ಲರೂ ಅಂಗಡಿಯಲ್ಲಿ ಹತ್ತು ನಿಮಿಷ ನೋಡಿಯೇ ಕೊಳ್ಳಬೇಕು.

ಫ್ಯಾನಿನ ಸಮಸ್ಯೆ

ವಿದೇಶಿ ಕೈಪಿಡಿಗಳಲ್ಲಿ ಎಲ್ಲಿಯೂ ಸಿಗದ, ನಮ್ಮ ಮನೆಗಳಲ್ಲಿ ತಪ್ಪದೇ ಎದುರಾಗುವ ತೊಡಕೊಂದಿದೆ: ಸೀಲಿಂಗ್ ಫ್ಯಾನ್. ಕೋಣೆಯ ನಟ್ಟನಡುವೆ ತೂಗುವ ಅದು, ಪರದೆಯಿಂದ ಆರು ಅಡಿ ದೂರದಲ್ಲಿರುತ್ತದೆ. ಪ್ರೊಜೆಕ್ಟರಿನ ಸ್ಥಾನ ‘ಥ್ರೋ ರೇಶಿಯೊ’ ಎಂಬ ಅಂಕಿಯಿಂದ ನಿರ್ಧಾರವಾಗುತ್ತದೆ. ಆ ಅಂಕಿಯನ್ನು ಪರದೆಯ ಅಗಲದಿಂದ ಗುಣಿಸಿದರೆ ದೂರ ಸಿಗುತ್ತದೆ. 1.2 ಇದ್ದರೆ ಸುಮಾರು 7.3 ಅಡಿ, 1.5 ಇದ್ದರೆ 9 ಅಡಿಗೂ ತುಸು ಹೆಚ್ಚು. ಎರಡೂ ಸಂದರ್ಭಗಳಲ್ಲಿ ಬೆಳಕು ಫ್ಯಾನಿನ ಕೆಳಗಿನಿಂದಲೇ ಹಾಯಬೇಕು. ಲೆನ್ಸು ರೆಕ್ಕೆಗಳಿಗಿಂತ ಕೆಳಗಿರುವಂತೆ ಕಂಬಿಯ ಉದ್ದ ಹೊಂದಿಸಿದರೆ ಕೆಲಸ ಸಲೀಸು. ಇಲ್ಲವಾದರೆ ನಾಯಕಿಯ ಹಣೆಯ ಮೇಲೆ ರೆಕ್ಕೆಯ ನೆರಳು ಸುತ್ತುತ್ತಲೇ ಇರುತ್ತದೆ. ಫ್ಯಾನನ್ನು ಕಳಚಿ ಗೋಡೆಗೆ ಫ್ಯಾನ್ ಹಾಕಿಸುವುದು ಇನ್ನೊಂದು ದಾರಿ.

ಪ್ರೊಜೆಕ್ಟರನ್ನು ಓರೆಯಾಗಿ ಇಟ್ಟು ‘ಕೀಸ್ಟೋನ್’ ಗುಂಡಿಯಿಂದ ಚಿತ್ರ ನೆಟ್ಟಗೆ ಮಾಡುವ ಪರಿಪಾಠ ಬಿಡುವುದು ಲೇಸು. ಹಾಗೆ ಮಾಡಿದಾಗ ಯಂತ್ರ ತನ್ನ ಚುಕ್ಕೆಗಳಲ್ಲಿ ಒಂದಷ್ಟನ್ನು ಕತ್ತರಿಸಿ ಎಸೆಯುತ್ತದೆ. ಹಣ ಕೊಟ್ಟು ಕೊಂಡ ಸ್ಪಷ್ಟತೆಯನ್ನು ಕೈಯಾರೆ ಕಳೆದುಕೊಂಡಂತೆ.

ಕಪ್ಪು ಬಣ್ಣಕ್ಕೆ ಅಜ್ಜಿಯ ತಕರಾರು

ಪ್ರೊಜೆಕ್ಟರು ಕಪ್ಪು ಬಣ್ಣವನ್ನು ಎಸೆಯಲಾರದು. ಬೆಳಕು ಬೀಳದ ಜಾಗವೇ ಕಪ್ಪು. ಪರದೆಯಿಂದ ಚಿಮ್ಮಿದ ಬೆಳಕು ಬಿಳಿ ಸೀಲಿಂಗಿಗೆ, ಬಿಳಿ ಗೋಡೆಗೆ ಬಡಿದು ಪರದೆಗೇ ಮರಳಿದರೆ ಆ ಕಪ್ಪು ಬೂದಿಯಾಗುತ್ತದೆ. ನಮ್ಮ ಸಿನಿಮಾಗಳಲ್ಲಿ ಹೆಚ್ಚಿನವು ಅಗಲವಾದ ಸ್ಕೋಪ್ ಮಾದರಿಯವು. ಸಾಮಾನ್ಯ ಪರದೆಯಲ್ಲಿ ಅವುಗಳ ಮೇಲೆ, ಕೆಳಗೆ ಸೇರಿ ಎತ್ತರದ ಸುಮಾರು ಕಾಲುಭಾಗ ಖಾಲಿ ಪಟ್ಟಿಯಾಗಿ ಉಳಿಯುತ್ತದೆ. ಕೋಣೆ ಬೆಳ್ಳಗಿದ್ದರೆ ಈ ಪಟ್ಟಿಗಳು ಕಣ್ಣಿಗೆ ಹೊಡೆಯುತ್ತವೆ. ಒಂದು ಲಕ್ಷದ ಪ್ರೊಜೆಕ್ಟರನ್ನು ಬಿಳಿ ಕೋಣೆಯಲ್ಲಿಟ್ಟು ನೋಡುವುದಕ್ಕಿಂತ ಅರ್ಧ ಬೆಲೆಯದನ್ನು ಗಾಢ ಬಣ್ಣದ ಕೋಣೆಯಲ್ಲಿ ನೋಡುವುದು ಮೇಲು.

ಆದರೆ ಮನೆಯೊಳಗೆ ಕಪ್ಪು ಬಳಿಯಲು ಹಿರಿಯರು ಒಪ್ಪುವುದು ದುರ್ಲಭ. ವಾಸ್ತು, ಶಕುನ, ಬಂದವರು ಏನೆನ್ನುತ್ತಾರೋ ಎಂಬ ಅಳುಕು ಎಲ್ಲವೂ ಮುಂದೆ ಬರುತ್ತವೆ. ಪೂರ್ತಿ ಕಪ್ಪೇ ಆಗಬೇಕೆಂಬ ನಿಯಮವಿಲ್ಲ. ಗಾಢ ಬೂದು ಬಣ್ಣ ಎಲ್ಲಕ್ಕಿಂತ ಸೂಕ್ತ. ಗಾಢ ನೀಲಿ, ಕಂದು ಬಣ್ಣಗಳೂ ನಡೆಯುತ್ತವೆ. ಹೊಳಪಿಲ್ಲದ ‘ಮ್ಯಾಟ್’ ಬಣ್ಣವಾಗಿರಬೇಕು ಎಂಬುದೊಂದೇ ಬಿಡಲಾಗದ ಷರತ್ತು. ನಾಲ್ಕೂ ಗೋಡೆಗೆ ಒಪ್ಪಿಗೆ ಸಿಗದಿದ್ದರೆ ಪರದೆಯಿರುವ ಗೋಡೆ ಮತ್ತು ಪರದೆಗೆ ಸಮೀಪದ ನಾಲ್ಕೈದು ಅಡಿ ಸೀಲಿಂಗಿಗಾದರೂ ಬಳಿಸಬೇಕು. ಕಿಟಕಿಗೆ ಬೆಳಕು ನುಗ್ಗದ ದಪ್ಪ ಪರದೆ, ಅದೂ ಚೌಕಟ್ಟಿಗಿಂತ ಅರ್ಧ ಅಡಿ ಆಚೆಗೂ ಚಾಚಿಕೊಳ್ಳುವಂತೆ ಹಾಕಿಸಿದರೆ ಹಗಲಿನಲ್ಲೂ ಸಿನಿಮಾ ನೋಡಬಹುದು.

‘ಏನಂದ ಅವನು?’

ಹೋಂ ಥಿಯೇಟರ್ ಎಂದರೆ ಚಿತ್ರವೆಂದು ಭಾವಿಸುವವರು ಬಹಳ. ಆದರೆ ಮನೆಯ ಹಿರಿಯರು ಕೋಣೆಯಿಂದ ಎದ್ದುಹೋಗುವುದು ಚಿತ್ರ ಚೆನ್ನಾಗಿಲ್ಲವೆಂದಲ್ಲ, ಮಾತು ತಿಳಿಯುವುದಿಲ್ಲವೆಂದು. ಹಿನ್ನೆಲೆ ಸಂಗೀತ ಅಬ್ಬರಿಸುತ್ತದೆ, ಸಂಭಾಷಣೆ ಪಿಸುಗುಡುತ್ತದೆ, ಪ್ರತಿ ಎರಡು ನಿಮಿಷಕ್ಕೊಮ್ಮೆ ‘ಏನಂದ ಅವನು?’ ಎಂಬ ಪ್ರಶ್ನೆ. ಸ್ವಲ್ಪ ದಿನಗಳಲ್ಲಿ ಅವರು ಕೆಳಗಿನ ಹಾಲಿನ ಹಳೆಯ ಟಿವಿಗೇ ಮರಳುತ್ತಾರೆ. ಕುಟುಂಬವನ್ನು ಒಟ್ಟಿಗೆ ಕೂರಿಸಬೇಕೆಂದು ಕಟ್ಟಿದ ಕೋಣೆ ಒಬ್ಬರದ್ದಾಗಿ ಉಳಿಯುವುದು ಹೀಗೆ.

5.1 ವ್ಯವಸ್ಥೆಯಲ್ಲಿ ಐದು ಸ್ಪೀಕರು, ಒಂದು ಸಬ್‌ವೂಫರ್ ಇರುತ್ತವೆ. ಸಂಭಾಷಣೆಯ ಬಹುಪಾಲು ಹೊಮ್ಮುವುದು ನಡುವಿನ ಸ್ಪೀಕರಿನಿಂದ. ಹಣದ ಮಿತಿಯಿದ್ದಾಗ ಹಿಂಬದಿಯ ಎರಡು ಸ್ಪೀಕರುಗಳನ್ನು ಅಗ್ಗದವಾಗಿಸಿ, ನಡುವಿನದಕ್ಕೆ ಧಾರಾಳವಾಗಿ ಖರ್ಚು ಮಾಡಬೇಕು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗುಡುಗುವ ಸಬ್‌ವೂಫರಿಗೆ ಮನಸೋತು ಉಳಿದುದನ್ನು ಮರೆಯಲಾಗುತ್ತದೆ. ಪರದೆಯ ಕೆಳಗಿಡುವ ನಡುವಿನ ಸ್ಪೀಕರನ್ನು ಕೂತವರ ಕಿವಿಯತ್ತ ಮೇಲ್ಮುಖವಾಗಿ ವಾಲಿಸಬೇಕು. ರಿಸೀವರಿನಲ್ಲಿ ನಡುವಿನ ಸ್ಪೀಕರಿನ ಮಟ್ಟವನ್ನು 2-3 ಡೆಸಿಬೆಲ್ ಏರಿಸಿ, ಅಬ್ಬರ ಮತ್ತು ಪಿಸುಮಾತುಗಳ ನಡುವಿನ ಅಂತರ ತಗ್ಗಿಸುವ ‘ನೈಟ್ ಮೋಡ್’ ಒತ್ತಿದರೆ ಅಜ್ಜಿಯ ಪ್ರಶ್ನೆಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಎಡ-ಬಲದ ಸ್ಪೀಕರುಗಳು ಪರದೆಯ ಎರಡೂ ಪಕ್ಕ, ಕೂತವರ ಕಿವಿಯ ಎತ್ತರದಲ್ಲಿ, ನೇರ ನೋಟದಿಂದ 22ರಿಂದ 30 ಡಿಗ್ರಿ ಒಳಗಿರಬೇಕು. ಈ ಕೋಣೆಯಲ್ಲಿ ಎಂಟು ಅಡಿ ಅಂತರದಲ್ಲಿಟ್ಟರೆ 25 ಡಿಗ್ರಿ ಸಿಗುತ್ತದೆ. ಹಿಂಬದಿಯವೆಂದು ಕರೆಯುವ ಸರೌಂಡ್ ಸ್ಪೀಕರುಗಳು ನಿಜಕ್ಕೂ ಹಿಂದಿರಬೇಕಾದವಲ್ಲ. ಆಸನದ ಪಕ್ಕದಲ್ಲಿ, ತುಸು ಹಿಂದಕ್ಕೆ, 90ರಿಂದ 110 ಡಿಗ್ರಿ ಕೋನದಲ್ಲಿರಬೇಕು. ಹಿಂಗೋಡೆಯ ಮೂಲೆಗೆ, ಸೀಲಿಂಗಿಗೆ ತಾಗುವಂತೆ ಮೊಳೆ ಹೊಡೆಯುವುದು ಹೋಟೆಲಿನ ಸ್ಪೀಕರಿಗೆ ಸರಿ.

ತಲೆಯ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಚಿತ್ರಮಂದಿರ ಪ್ರವೇಶಿಸಿತು. ಅದರ ಆಕರ್ಷಣೆ ದೊಡ್ಡದೇ. ಆದರೆ ಇದೇ ಹಣವನ್ನು ಏಳೋ ಒಂಬತ್ತೋ ಸ್ಪೀಕರುಗಳಿಗೆ ಹಂಚಿದರೆ ಎಲ್ಲವೂ ಸಾಧಾರಣವಾಗುತ್ತವೆ. ಒಳ್ಳೆಯ 5.1 ಸದ್ಯಕ್ಕೆ ಸಾಕು.

ವ್ಯಾಟ್ ವಿಷಯದಲ್ಲಿ ಹಳೆಯ ಮಾಯೆ ಇನ್ನೂ ಸತ್ತಿಲ್ಲ. ಒಂದು ಕಾಲಕ್ಕೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೂ ಸಾವಿರಾರು ವ್ಯಾಟ್ ‘ಪಿಎಂಪಿಒ’ ಎಂಬ ಚೀಟಿ ಮಿಂಚುತ್ತಿತ್ತು. ನಂಬಬಹುದಾದ ಅಂಕಿ ‘ಆರ್‌ಎಂಎಸ್’ ಮಾತ್ರ. ಜತೆಗೆ ನೋಡಬೇಕಾದುದು ಸ್ಪೀಕರಿನ ಸೂಕ್ಷ್ಮತೆ. 86 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ ಕೊಡುತ್ತದೆ. ಇನ್ನು 3 ಡೆಸಿಬೆಲ್ ಬೇಕಾದರೆ ವಿದ್ಯುತ್ತು ಇಮ್ಮಡಿಯಾಗಬೇಕು. ಅಂದರೆ 89 ಡೆಸಿಬೆಲ್‌ನ ಸ್ಪೀಕರು 50 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ 86ರದ್ದಕ್ಕೆ 100 ವ್ಯಾಟ್ ಬೇಕು. ಇಷ್ಟು ಚಿಕ್ಕ ಕೋಣೆಗೆ ಸಾಧಾರಣ ರಿಸೀವರಿನ ಶಕ್ತಿ ಬೇಕಾದಷ್ಟಾಯಿತು.

ಸಬ್‌ವೂಫರಿಗೆ ಜಾಗ ಹುಡುಕುವ ವಿಧಾನ ನೋಡುವವರಿಗೆ ನಗು ತರಿಸಬಹುದು. ಅದನ್ನು ಮೊದಲು ಕೂರುವ ಆಸನದ ಮೇಲೆಯೇ ಇಟ್ಟು, ಒಂದೇ ಸಮನೆ ಗಡಸು ಶಬ್ದ ಬರುವ ಹಾಡು ಹಾಕಿ, ಮನೆಯ ಯಜಮಾನರು ಗೋಡೆಯ ಬದಿಯಲ್ಲಿ ಅಂಬೆಗಾಲಿಟ್ಟು ಸಾಗಬೇಕು. ಎಲ್ಲಿ ಶಬ್ದ ಗುಂಯ್ಗುಡದೆ ಸಮನಾಗಿ, ಸ್ಪಷ್ಟವಾಗಿ ಕೇಳಿಸುತ್ತದೋ ಅದೇ ಸಬ್‌ವೂಫರಿನ ಜಾಗ. ಕೋಣೆಯ ಕಂಪನಾಂಕಗಳನ್ನು ಕಾಗದದ ಮೇಲೆ ಲೆಕ್ಕ ಹಾಕುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ಬಳಿಕ ರಿಸೀವರಿನ ಜತೆ ಬರುವ ಪುಟ್ಟ ಮೈಕಿನಿಂದ ಸ್ವಯಂ ಹೊಂದಾಣಿಕೆ ಮಾಡಿಸಿ, ಸ್ಪೀಕರುಗಳಿಂದ ಸಬ್‌ವೂಫರಿಗೆ ಶಬ್ದ ದಾಟುವ ಗಡಿಯನ್ನು 80 ಹರ್ಟ್ಜ್‌ಗೆ ಇಟ್ಟರೆ ಆಯಿತು.

ಕೌದಿಯ ಉಪಯೋಗ

ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಕೇಳುವ ಝಣಝಣ ಸದ್ದು, ಗಾರೆಗೋಡೆ ಮತ್ತು ವಿಟ್ರಿಫೈಡ್ ಟೈಲ್ಸ್ ಸೇರಿ ಮಾಡುವ ಕಿತಾಪತಿ. ಮಾತು ಅಸ್ಪಷ್ಟವಾಗಲು ಅರ್ಧ ಕಾರಣ ಇದೇ. ದುಬಾರಿ ‘ಅಕೂಸ್ಟಿಕ್ ಪ್ಯಾನೆಲ್’ಗಳಿಗೆ ಮೊರೆ ಹೋಗುವ ಮುನ್ನ ಮನೆಯ ಅಟ್ಟ ಹತ್ತಿ ನೋಡುವುದು ಒಳ್ಳೆಯದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ-ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿ ಇದ್ದೇ ಇರುತ್ತದೆ. ಗೋಡೆಯಿಂದ ಮೂರು-ನಾಲ್ಕು ಅಂಗುಲ ಮುಂದಕ್ಕೆ, ಕಂಬಿಗೆ ಸಡಿಲವಾಗಿ ತೂಗುಬಿಟ್ಟರೆ ಅದು ಮೇಲುಸ್ತರದ ಶಬ್ದಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನೆಲಕ್ಕೆ ದಪ್ಪ ಜಮಖಾನೆ, ಹಿಂಗೋಡೆಗೆ ಪುಸ್ತಕ ತುಂಬಿದ ಕಪಾಟು. ಪುಸ್ತಕಗಳ ಏರುತಗ್ಗು ಶಬ್ದವನ್ನು ಚದುರಿಸುತ್ತದೆ. ಮಹಡಿಯ ಕೋಣೆಗೆ ಪುಸ್ತಕ ಕಪಾಟು ಸಾಗಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಕೌದಿಗೆ ನಿಲುಕದ ತಗ್ಗುಸ್ತರದ ಶಬ್ದಕ್ಕೆ ದಪ್ಪನೆಯ ವಸ್ತು ಬೇಕು. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, ಎರಡು ಅಂಗುಲ ದಪ್ಪದ ರಾಕ್‌ವೂಲ್ ಹಾಳೆಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ಗಾಳಿಯಾಡುವ ಬಟ್ಟೆ ಹೊದಿಸಿದರೆ ಮನೆಯಲ್ಲೇ ಪ್ಯಾನೆಲ್ ಸಿದ್ಧ. ಊರಿನ ಬಡಗಿ ಒಂದು ದಿನದಲ್ಲಿ ಆರು ಚೌಕಟ್ಟು ಮಾಡಿಕೊಡುತ್ತಾನೆ. ನೂಲು ಮೈಗೆ ತಾಗದಂತೆ ಕೈಗವಸು, ಮುಖಗವಸು ಧರಿಸಿಯೇ ಕೆಲಸ ಮಾಡಬೇಕು. ಹಾಕುವ ಜಾಗ ತಿಳಿಯಲು ಕನ್ನಡಿ ಸಾಕು: ಆಸನದಲ್ಲಿ ಒಬ್ಬರು ಕೂತು, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋದಾಗ ಸ್ಪೀಕರು ಎಲ್ಲಿ ಕಾಣಿಸುತ್ತದೋ ಅಲ್ಲಿ ಒಂದು ಪ್ಯಾನೆಲ್.

ಮೊಟ್ಟೆಯ ಟ್ರೇ ಅಂಟಿಸುವುದರಿಂದ ಪ್ರಯೋಜನ ಅತ್ಯಲ್ಪ, ಥರ್ಮೋಕೋಲಿನಿಂದಲೂ ಅಷ್ಟೇ. ಅಗ್ಗದ ಫೋಮ್ ಹಾಳೆಗಳ ವಿಷಯ ಬೇರೆ, ಅವು ಅಪಾಯಕಾರಿ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸಂಗೀತ ಕ್ಲಬ್ಬೊಂದರಲ್ಲಿ ವೇದಿಕೆಯ ಗೋಡೆಗೆ ಅಂಟಿಸಿದ್ದ ಇಂಥ ಫೋಮ್‌ಗೆ ಸುಡುಮದ್ದಿನ ಕಿಡಿ ತಾಗಿ 100 ಜನ ಪ್ರಾಣ ಕಳೆದುಕೊಂಡರು. ಒಂದೇ ಬಾಗಿಲಿನ, ಕಿಟಕಿ ಮುಚ್ಚಿದ, ತಂತಿಗಳಿಂದ ತುಂಬಿದ ಮನೆಯ ಕೋಣೆಗೆ ಅದನ್ನು ತರುವುದು ಸಲ್ಲದು. ರಾಕ್‌ವೂಲ್ ಕಲ್ಲಿನಿಂದ ಮಾಡಿದ್ದು, ಉರಿಯುವುದಿಲ್ಲ.

ಗೋಡೆಯಾಚೆಯ ಕಿವಿಗಳು

ಮೇಲೆ ಹೇಳಿದ ಯಾವುದೂ ಶಬ್ದವನ್ನು ಹೊರಹೋಗದಂತೆ ತಡೆಯುವುದಿಲ್ಲ. ಈ ಎರಡನ್ನು ಬೆರೆಸಿಕೊಳ್ಳುವುದರಿಂದಲೇ ನೆರೆಹೊರೆಯ ಜಗಳಗಳು ಹುಟ್ಟುತ್ತವೆ. ಕೋಣೆಯೊಳಗಿನ ಪ್ರತಿಧ್ವನಿ ಅಡಗಿಸಲು ಮೆತ್ತನೆಯ ವಸ್ತು ಬೇಕು. ಶಬ್ದ ದಾಟದಂತೆ ತಡೆಯಲು ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ನಾಲ್ಕು ಅಂಗುಲದ ಅಡ್ಡಗೋಡೆ, ಟೊಳ್ಳು ಬಾಗಿಲಿನ ಕೋಣೆಯನ್ನು ಸಂಪೂರ್ಣ ಶಬ್ದನಿರೋಧಕ ಮಾಡುವುದು 2 ಲಕ್ಷದ ಮಿತಿಯಲ್ಲಿ ಆಗುವ ಕೆಲಸವಲ್ಲ. ಆಗುವುದೆಂದರೆ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಹೊಸ್ತಿಲಿನ ಸಂದಿಗೆ ಸೀಲು, ಕಿಟಕಿಯ ಬಿರುಕುಗಳಿಗೆ ಮುಚ್ಚಿಗೆ. ಕೆಲವು ನೂರು ರೂಪಾಯಿಯ ಈ ಕೆಲಸ ಕೊಡುವ ಫಲ ಹೆಚ್ಚಿನದೇ, ಏಕೆಂದರೆ ಶಬ್ದ ಮೊದಲು ನುಸುಳುವುದು ಸಂದಿಗಳಿಂದ.

ಸಬ್‌ವೂಫರಿನ ಗುಡುಗು ಮಾತ್ರ ಆರ್‌ಸಿಸಿ ಚಾವಣಿಯನ್ನೂ ದಾಟಿ ಹೋಗುತ್ತದೆ. ಅಪಾರ್ಟ್‌ಮೆಂಟ್ ವಾಸಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಖಾಸಗಿ ಜಾಗದ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಚಿತ್ರಮಂದಿರದ ಮಾನದಂಡದ ಮಟ್ಟದಲ್ಲಿ ಸಿನಿಮಾ ಹಾಕಿದರೆ ಕೋಣೆಯೊಳಗೆ ಕ್ಷಣಕಾಲ ನೂರು ಡೆಸಿಬೆಲ್ ದಾಟುವುದೂ ಉಂಟು. ಹತ್ತು ಗಂಟೆಯ ನಂತರ ಸಬ್‌ವೂಫರ್ ತಗ್ಗಿಸುವ ಶಿಸ್ತಿಗೆ ಬದಲಿ ಯಾವುದೂ ಇಲ್ಲ. ಸಬ್‌ವೂಫರಿನಡಿ ರಬ್ಬರ್ ಹಾಳೆ ಇಡುವುದರಿಂದ ನೆಲದ ನಡುಕ ತುಸು ತಗ್ಗಬಹುದು, ಗಾಳಿಯಲ್ಲಿ ಸಾಗುವ ಗುಡುಗು ತಗ್ಗದು. ಕೆಳಗಿನ ಮನೆಯವರನ್ನು ಮೊದಲ ಸಿನಿಮಾಕ್ಕೇ ಆಹ್ವಾನಿಸುವವರು ಜಾಣರು.

ತಂತಿ, ಕೊಳವೆ

ಬಣ್ಣ ಬಳಿಸುವ ಮುನ್ನವೇ ತಂತಿಯ ದಾರಿ ಸಿದ್ಧವಾಗಬೇಕು. ವಿದ್ಯುತ್ ಕೆಲಸದವರು ಸಾಮಾನ್ಯವಾಗಿ ಹಾಕುವ ಮುಕ್ಕಾಲು ಅಂಗುಲದ ಪಿವಿಸಿ ಕೊಳವೆಯಲ್ಲಿ ಎಚ್‌ಡಿಎಂಐ ಕೇಬಲಿನ ತಲೆ ತೂರುವುದಿಲ್ಲ. ಎರಡು ಅಂಗುಲದ ಕೊಳವೆ, ಒಳಗೊಂದು ಎಳೆಯುವ ದಾರ ಬಿಡಿಸಿದರೆ ಮುಂದೆ ಕೇಬಲ್ ಬದಲಿಸುವಾಗ ಗೋಡೆ ಕೊರೆಯಬೇಕಾಗುವುದಿಲ್ಲ. ಉದ್ದ ಏಳೆಂಟು ಮೀಟರ್ ದಾಟಿದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸುರಕ್ಷಿತ. ಅದಕ್ಕೆ ಹಿಂದುಮುಂದು ಇದೆ, ತಿರುಗಿಸಿ ಎಳೆದರೆ ಚಿತ್ರ ಬರುವುದಿಲ್ಲ.

ಪ್ರೊಜೆಕ್ಟರಿನೊಳಗಿನ ಆ್ಯಪ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಗ್ಗದ ಯಂತ್ರಗಳಲ್ಲಿ ಒಟಿಟಿ ಸಂಸ್ಥೆಗಳ ಅಧಿಕೃತ ಪರವಾನಗಿ ಇಲ್ಲದಿದ್ದರೆ ಚಿತ್ರ ಮಸುಕಾಗಿ ಬರುತ್ತದೆ ಅಥವಾ ಆ್ಯಪ್ ತೆರೆದುಕೊಳ್ಳುವುದೇ ಇಲ್ಲ. ಪ್ರತ್ಯೇಕ ಸ್ಟ್ರೀಮಿಂಗ್ ಸ್ಟಿಕ್ಕನ್ನು ರಿಸೀವರಿಗೆ ಜೋಡಿಸುವುದೇ ಸರಿಯಾದ ಕ್ರಮ. ದೀಪದ ಪ್ರೊಜೆಕ್ಟರಿಗೆ ಚಿಕ್ಕ ಯುಪಿಎಸ್ ಅಗತ್ಯ. ಬಿಸಿಯಾಗಿರುವಾಗ ಕರೆಂಟು ಹೋಗಿ ಒಳಗಿನ ಫ್ಯಾನ್ ನಿಂತರೆ ದೀಪದ ಆಯುಸ್ಸಿಗೆ ಕುತ್ತು.

ಹಣದ ಹಂಚಿಕೆ

ಇಷ್ಟೂ ಕೆಲಸಕ್ಕೆ ಹಣ ಹಂಚುವ ಒಂದು ಬಗೆ ಹೀಗಿರಬಹುದು. ಪ್ರೊಜೆಕ್ಟರಿಗೆ 60 ಸಾವಿರ, ಚೌಕಟ್ಟಿನ ಪರದೆಗೆ 8 ಸಾವಿರ, ರಿಸೀವರಿಗೆ 35 ಸಾವಿರ, ಐದು ಸ್ಪೀಕರುಗಳಿಗೆ 40 ಸಾವಿರ, ಸಬ್‌ವೂಫರಿಗೆ 20 ಸಾವಿರ. ಬಣ್ಣ, ಕಿಟಕಿ ಪರದೆ, ರಾಕ್‌ವೂಲ್, ಬಡಗಿಯ ಕೂಲಿ ಸೇರಿ 20 ಸಾವಿರ. ತಂತಿ, ಕೊಳವೆ, ಯುಪಿಎಸ್‌ಗೆ 10 ಸಾವಿರ. ಮಿಗುವ 7 ಸಾವಿರದಲ್ಲಿ ಸ್ಟ್ರೀಮಿಂಗ್ ಸ್ಟಿಕ್ ಮತ್ತು ಕೊನೆಯ ಗಳಿಗೆಯಲ್ಲಿ ನೆನಪಾಗುವ ಸಣ್ಣಪುಟ್ಟ ಸಾಮಾನು. ಆಸನಕ್ಕೆ ಮನೆಯ ಹಳೆಯ ಸೋಫಾ, ಮಕ್ಕಳಿಗೆ ಮುಂದೆ ಗಾದಿ.

ಒಮ್ಮೆಗೇ ಅಷ್ಟು ಹಣ ಹೊಂದದವರು ಎರಡು ಕಂತಿನಲ್ಲಿ ಕಟ್ಟಬಹುದು. ಮೊದಲು ಕೋಣೆಯ ಕೆಲಸ, ಪ್ರೊಜೆಕ್ಟರ್, ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರು. ಪರದೆಯ ಬದಲಿಗೆ ನುಣುಪಾಗಿ ಪುಟ್ಟಿ ಹಚ್ಚಿ ಮ್ಯಾಟ್ ಬಿಳಿ ಬಳಿದ ಗೋಡೆಯ ಭಾಗವೂ ವರ್ಷಕಾಲ ನಡೆಯುತ್ತದೆ. ಸಬ್‌ವೂಫರ್, ಸರೌಂಡ್ ಸ್ಪೀಕರುಗಳು ಮುಂದಿನ ವರ್ಷಕ್ಕೆ. ಅವು ಇಲ್ಲವೆಂದು ರಿಸೀವರಿಗೆ ತಿಳಿಸಿದರೆ ಅವುಗಳ ಪಾಲಿನ ಶಬ್ದವನ್ನು ಅದು ಇರುವ ಸ್ಪೀಕರುಗಳಿಗೆ ಹಂಚುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸ್ಪೀಕರುಗಳಲ್ಲಿ ನಷ್ಟ ಕಡಿಮೆ. ಕೋನ್‌ನ ಅಂಚು ರಬ್ಬರಿನದಾಗಿದ್ದರೆ ಹಲವು ವರ್ಷ ಬಾಳುತ್ತದೆ, ಫೋಮಿನದಾದರೆ ಬೆರಳಿನಿಂದ ಮುಟ್ಟಿ ಉದುರುತ್ತದೆಯೇ ಎಂದು ನೋಡಬೇಕು. ಹಳೆಯ ಪ್ರೊಜೆಕ್ಟರಾದರೆ ಅದರ ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆ ಎಂಬ ಅಂಕಿ ಇರುತ್ತದೆ. ಮಾರುವವರು ಅದನ್ನು ತೋರಿಸಲು ಹಿಂಜರಿದರೆ ಚೌಕಾಸಿಗೂ ಇಳಿಯದೆ ಹಿಂತಿರುಗುವುದು ಕ್ಷೇಮ.